ಓರೆಪಟ್ಟಿಯ ಕಾಲು

ತಿರುಗುತ್ತಿಲ್ಲ ಈ ಸ್ಕ್ರೂ, ಹೊನ್ನೆ ಹಲಗೆ ಒಣಗಿ ಕಲ್ಲಾಗಿದೆ, ತೂತು ಇನ್ನೂ ಸ್ವಲ್ಪ ಆಳಕ್ಕೆ ಕೊರೆಯಬೇಕಿತ್ತು, ಅಂಗೈ ಸುಲಿದರೆ ಸುಲಿಯಲಿ — ಒಳಗಿನಿಂದ ಅತ್ತೆ ಮೂರನೇ ಸಲ ಕೂಗುತ್ತಿದ್ದಾರೆ, ಉಮಾ, ಹೊಸಮನೆ ಬೀದಿಯೆಲ್ಲಾ ನೋಡ್ತಿದೆ ಕಣೆ, ಹಾಲಸ್ವಾಮಿ ಆಫೀಸಿಂದ ಬಂದ್ರೆ ಏನಂತಾನೆ — ಏನಾದರೂ ಅನ್ನಲಿ ಅವರ ಮಗ, ಬೀದಿಯೂ ನೋಡಲಿ, ಗೇಟನ್ನು ಕಳಚಿ ಅಂಗಳದಲ್ಲಿ ಮಲಗಿಸಿ, ಸೆರಗು ಸಿಕ್ಕಿಸಿ ಅದರ ಮೇಲೆ ಮಂಡಿಯೂರಿದ ಸೊಸೆಯನ್ನು ಕಣ್ತುಂಬ ನೋಡಲಿ. ಈ ಗೇಟು ಮಾಡಿಸುವಾಗ ನಾನು ಹೇಳಿದ್ದೆ, ಬಾಯಿಬಿಟ್ಟೇ ಹೇಳಿದ್ದೆ, ಮೂಲೆಯಿಂದ ಮೂಲೆಗೆ ಹೊಡೆಯುವ ಓರೆಪಟ್ಟಿ ತಿರುಗುಮುರುಗಾಗಿದೆ ಎಂದು. ಇವರಿಗೆ ಎದುರು ಮನೆಯ ಗೇಟಿನ ಹಾಗೇ ಕಾಣಬೇಕಿತ್ತು, ಆ ಗೇಟಿನ ಕೀಲು ಎಡಗಂಬಕ್ಕೆ, ನಮ್ಮದು ಬಲಗಂಬಕ್ಕೆ, ಅದೇ ಓರೆ ಇಲ್ಲಿ ಹೊಡೆದರೆ ಉಲ್ಟಾ ಆಗುತ್ತದೆ ಎಂದರೆ ಬಡಗಿ ಕೃಷ್ಣಪ್ಪ ತಲೆ ಕೆರೆದುಕೊಂಡು ನನ್ನ ಮುಖ ನೋಡಿದ, ಅವನಿಗೂ ಗೊತ್ತಿತ್ತು, ಇವರು ನಕ್ಕರು, ಏನು ಮಾರಾಯ್ತಿ, ನೀನು ಯಾವಾಗ ಮೇಸ್ತ್ರಿ ಆದೆ — ಆ ನಗು, ಕೃಷ್ಣಪ್ಪನೂ ಜೊತೆಗೆ ನಕ್ಕು ಮೊಳೆ ಹೊಡೆದುಬಿಟ್ಟ.

ಮೇಸ್ತ್ರಿ ಆಗಿರಲಿಲ್ಲ, ಮೇಸ್ತ್ರಿಯ ಮಗಳು, ಭದ್ರಾವತಿಯ ಮರದ ಡಿಪೋದಲ್ಲಿ ಮರದ ಹೊಟ್ಟಿನ ಮೇಲೆ ಆಡಿ ಬೆಳೆದವಳು, ಅಪ್ಪಯ್ಯ ತೋರಿಸುತ್ತಿದ್ದರು, ನೋಡು ಮಗಳೇ, ಓರೆಪಟ್ಟಿಯ ಕಾಲು ಕೀಲಿನ ಕಡೆ ಕೆಳಮೂಲೆಗೆ ಊರಬೇಕು, ತಲೆ ಚಿಲಕದ ಕಡೆ ಮೇಲ್ಮೂಲೆಗೆ ಮುಟ್ಟಬೇಕು, ಆಗ ಭಾರ ಕಂಬಕ್ಕಿಳಿಯುತ್ತೆ, ಇಲ್ಲದಿದ್ರೆ ಮೊಳೆ ಎಷ್ಟು ದಿನ ಹಿಡಿದೀತು. ಆ ಅಪ್ಪಯ್ಯನೂ ಗೃಹಪ್ರವೇಶದ ದಿನ ಗೇಟು ನೋಡಿದರು, ಒಂದು ಸಲ ಅಲುಗಿಸಿ ಕೈ ಹಿಂದೆ ತೆಗೆದುಕೊಂಡು ಒಳಗೆ ಊಟಕ್ಕೆ ಕೂತರು. ಮೊನ್ನೆ ರೈಲು ಹತ್ತಿ ಹೋಗಿ ಗರಗಸ, ಬೈರಿಗೆ, ಸ್ಕ್ರೂ ಕೇಳಿದಾಗ, ಅವತ್ತು ಯಾಕೆ ಹೇಳಲಿಲ್ಲ ಎಂದೂ ಕೇಳಿದೆ. ಅಳಿಯಂದಿರ ಮನೆ, ನಾನು ಹೇಗೆ ಬಾಯಿ ಹಾಕ್ಲಿ ಎಂದರು, ಕಣ್ಣು ಒರೆಸಿಕೊಂಡರು. ನನಗೆ ಕನಿಕರ ಬರಲಿಲ್ಲ, ಬೈರಿಗೆ ಚೀಲಕ್ಕೆ ಹಾಕಿಕೊಂಡು ಬಂದೆ.

ಒಂದೇ ಮಳೆಗಾಲಕ್ಕೆ ಜೋತುಬಿತ್ತು, ಚಿಲಕದ ತುದಿ ನೆಲ ಉಜ್ಜಿ ಅಂಗಳದಲ್ಲಿ ಕಮಾನಿನ ಹಾಗೆ ಗೀರು ಬಿತ್ತು, ಆಮೇಲೆ ಎತ್ತದೇ ತೆರೆಯುತ್ತಲೇ ಇರಲಿಲ್ಲ, ಬೆಳಿಗ್ಗೆ ಎಮ್ಮೆ ಹೊರಗೆ ಬಿಡಲು ಎತ್ತು, ಇವರ ಸೈಕಲ್ಲಿಗೆ ಎತ್ತು, ಸಂಜೆ ಮತ್ತೆ ಎತ್ತು, ಕೃಷ್ಣಪ್ಪನನ್ನು ಕರೆಸಿ ಅಂದರೆ ಭಾನುವಾರ ಆಗಲಿ, ಎಷ್ಟು ಭಾನುವಾರ. ಐದು ತಿಂಗಳಾಗಿತ್ತು ನನಗೆ. ಮಲವಗೊಪ್ಪದಿಂದ ಸೌದೆ ಗಾಡಿ ಬಂದಿತ್ತು, ಇವರು ಜಗಲಿಯಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದರು, ಮುಖದ ತುಂಬ ಸೋಪಿನ ನೊರೆ, ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ, ಸ್ವಲ್ಪ ಎತ್ತಿ ತೆಗಿ ಉಮಾ. ಎತ್ತಿದೆ. ಹೊಟ್ಟೆಗೆ ಆನಿಸಿಕೊಂಡೇ ಎತ್ತಬೇಕಿತ್ತು, ಬೇರೆ ಹೇಗೆ ಎತ್ತುತ್ತಾರೆ. ಒಳಗೆಲ್ಲೋ ನೂಲು ಕಡಿದ ಹಾಗಾಯಿತು, ಗಾಡಿ ಒಳಗೆ ಬಂತು, ಸೌದೆ ಇಳಿಸಿದರು, ಸಂಜೆ ಹೊತ್ತಿಗೆ ಆಸ್ಪತ್ರೆ, ಮಗು ಉಳಿಯಲಿಲ್ಲ. ಇಂಥದ್ದಕ್ಕೆಲ್ಲ ಕಾರಣ ಹೇಳೋಕಾಗಲ್ಲ ಅಂದರು ಲೇಡಿ ಡಾಕ್ಟರು, ಇವರು ಆ ಮಾತನ್ನು ಎಷ್ಟು ಬೇಗ ಹಿಡಿದುಕೊಂಡರು, ಬಂದವರಿಗೆಲ್ಲ ಅದನ್ನೇ ಹೇಳಿದರು, ಗೇಟಿನ ಸುದ್ದಿ ಯಾರೂ ಎತ್ತಲಿಲ್ಲ, ಮನೆಗೆ ಬಂದ ಹತ್ತನೇ ದಿನ ಎಮ್ಮೆ ಬಿಡಲು ನಾನೇ ಮತ್ತೆ ಎತ್ತಿದೆ.

ಹಿಡಿಯಿತು, ಸ್ಕ್ರೂ ಹಿಡಿಯಿತು, ಇನ್ನೊಂದು ತಿರುವು — ಹಳೆ ಪಟ್ಟಿ ಕಿತ್ತು, ಮೂಲೆಯಿಂದ ಮೂಲೆಗೆ ದಾರ ಹಿಡಿದು ಎರಡೂ ಓರೆಯ ಅಳತೆ ಸಮ ಬರುವವರೆಗೆ ಚೌಕಟ್ಟು ನೂಕಿ, ಪಟ್ಟಿಯ ಕಾಲನ್ನು ಕೀಲಿನ ಮೂಲೆಗೆ ಕೂದಲೂ ತೂರದ ಹಾಗೆ ಕೂರಿಸಿದ್ದೇನೆ, ಬಂದು ನೋಡಲಿ ಕೃಷ್ಣಪ್ಪ. ಈಗ ಕಂಬಕ್ಕೆ ಏರಿಸಬೇಕು, ಒಬ್ಬಳಿಂದ ಆಗದು, ಆದರೂ ಕರೆಯುವುದಿಲ್ಲ, ಯಾರನ್ನೂ ಕರೆಯುವುದಿಲ್ಲ — ಅತ್ತೆ ಯಾವಾಗ ಬಂದರು, ಸೆರಗು ಸುತ್ತಿಕೊಂಡು ಆ ತುದಿಗೆ ಕೈ ಹಾಕಿದ್ದಾರೆ, ನೀನು ಬಗ್ಗಬೇಡ, ಕೆಳಗಿನದು ನಾನು ಹಿಡೀತೀನಿ ಎಂದರು, ಅಷ್ಟೇ ಎಂದರು, ನನ್ನ ಮುಖ ನೋಡಲಿಲ್ಲ, ಮೊಣಕಾಲು ನೋವಿನ ಹೆಂಗಸು ಕೀಲು ಕೂರುವವರೆಗೆ ಕೈ ಬಿಡಲಿಲ್ಲ.

ಸೈಕಲ್ ಬೆಲ್ಲು, ಇವರು ಬಂದರು. ಬೀದಿಯಲ್ಲೇ ಇಳಿದು ನಿಂತು, ಯಾರು, ಕೃಷ್ಣಪ್ಪ ಬಂದಿದ್ನಾ ಎಂದು ಕೇಳಿದರು. ನಾನು ಮಾಡಿದೆ. ಅವರು ಅಭ್ಯಾಸದಂತೆ ಕಾಯುತ್ತಾರೆ, ನಾನು ಎತ್ತಲಿ ಎಂದು, ನಾನು ಕದಲುವುದಿಲ್ಲ, ಕೊನೆಗೆ ಒಂದು ಕೈಯಲ್ಲಿ ಸೈಕಲ್ ಹಿಡಿದು ಇನ್ನೊಂದರ ತೋರುಬೆರಳಿನಿಂದ ಸುಮ್ಮನೆ ತಳ್ಳಿದರು, ಗೇಟು ಸದ್ದಿಲ್ಲದೆ ಪೂರ್ತಿ ಹಿಂದಕ್ಕೆ ಹೋಯಿತು. ಅರೆ, ಇಷ್ಟು ಸಲೀಸಾ, ಅಂದರು. ಮತ್ತೆ ಎಳೆದು ಮತ್ತೆ ತಳ್ಳಿದರು, ಮಸಿ ಹತ್ತಿದ ಗುಮಾಸ್ತನ ಬೆರಳು, ಒಂದೇ ಬೆರಳು, ಖುಷಿಯಿಂದ ಇನ್ನೊಂದು ಸಲ, ಅತ್ತೆ ಮುಖ ತಿರುಗಿಸಿಕೊಂಡು ಒಳಗೆ ಹೋದರು, ನಾನು ನಿಂತಿದ್ದೇನೆ, ಆ ಬೆರಳು, ತಳ್ಳುತ್ತಿರುವ ಆ ಒಂದು ಬೆರಳು —