ಹಗ್ಗದ ಸಹಿ

"ಏ ಹನಮಿ, ಆ ಕಾಜಿಗಿ ಕೈ ಹಚ್ಚಬ್ಯಾಡ. ದೂರ ನಿಂತು ಒರಸು."

ಕೈ ಹಚ್ಚದೆ ಗಾಜು ಒರೆಸುವ ವಿದ್ಯೆಯನ್ನು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ. ಹನಮವ್ವ ಕೋಲಿಗೆ ಅರಿವೆ ಸುತ್ತಿ ಒರೆಸತೊಡಗಿದಳು. ಮೊಮ್ಮಕ್ಕಳನ್ನು ಕಂಡ ಹೆಂಗಸು, ಆದರೂ ವಾಡೆಯ ಧಣಿ ರಾವಸಾಬನಿಗೆ ಅವಳು ಹನಮಿಯೇ.

ನಾಳೆ ವಾಡೆಯಲ್ಲಿ ದೊಡ್ಡ ಸಮಾರಂಭ. ರಾವಸಾಬನ ಹಿರಿಯರು ಇಂಗ್ಲಿಷರ ಕಾಲದಲ್ಲಿ ನಾಲ್ಕು ಇನಾಮದಾರರನ್ನು ಕೂಡಿಸಿಕೊಂಡು ಕಟ್ಟಿದ ಪ್ರಜಾ ಹಿತ ಸಭಾಕ್ಕೆ ನೂರೈವತ್ತು ವರ್ಷ. ಕಾಂಗ್ರೆಸ್ಸು ಹುಟ್ಟುವ ಮೊದಲೇ ನಮ್ಮ ಮನೆತನ ಸರಕಾರಕ್ಕೆ ಅರ್ಜಿ ಬರೆದಿತ್ತು ಎಂದು ಅವನು ಮೀಸೆ ತಿರುವಿದ್ದೇ ತಿರುವಿದ್ದು. ಆ ಅರ್ಜಿಯೇ ಗಾಜಿನ ಕಟ್ಟಿನೊಳಗೆ ಗೋಡೆಯ ಮೇಲಿತ್ತು. ಅದರ ನೆನಪಿಗೊಂದು ಭವನವೂ ಏಳಬೇಕಂತೆ. ಎಲ್ಲಿ? ಹಳ್ಳದ ದಂಡೆಯಲ್ಲಿ, ಹನಮವ್ವನ ಕೇರಿಯವರು ಹೆಣ ಹೂಳುವ ನೆಲದಲ್ಲಿ. ಅವಳ ಗಂಡ ಯಂಕಪ್ಪನನ್ನು ಹೋದ ವರ್ಷ ಅಲ್ಲೇ ಮಣ್ಣು ಮಾಡಿದ್ದರು.

"ನಮ್ಮ ಜಾಗಾ. ಪಾಪ ಅಂತ ಹೂಳಾಕ ಬಿಟ್ಟಿದ್ವಿ. ನಾಡದ ಜೇಸೀಬಿ ಬರ್ತೈತಿ. ಹೋಗಾಗ ಒಪ್ಪಿಗಿ ಕಾಗದಕ್ಕ ಹೆಬ್ಬಟ್ಟ ಒತ್ತಿ ಹೋಗು," ಎಂದ ರಾವಸಾಬ.

ನಾಳೆ ಅರ್ಜಿಯನ್ನು ಓದಿ ಹೇಳುವ ಕೆಲಸ ಕೇರಿಯವನೇ ಆದ ಧರ್ಮರಾಜ ಮಾಸ್ತರನಿಗೆ ಬಿದ್ದಿತ್ತು. ಆ ಹಳೆಯ ಅಕ್ಷರ ಓದಬಲ್ಲವನು ಊರಲ್ಲಿ ಅವನೊಬ್ಬನೇ. ಒಮ್ಮೆ ಓದಿ ನೋಡಲು ಅವನೂ ಕಟ್ಟಿನ ಮುಂದೆ ಬಂದು ನಿಂತಿದ್ದ.

"ಜೋರಲೆ ಓದು ಮಾಸ್ತರ, ಕೇಳೋಣ," ಎಂದು ಧಣಿ ಕುರ್ಚಿಗೆ ಒರಗಿದ.

"'ಹಳ್ಳದ ದಂಡೆಯ ಎಂಟು ಎಕರೆ ಹೊಲೆಯರ ಉಂಬಳಿಯನ್ನು, ಅವರು ಖುಷಿಯಿಂದ ಒಪ್ಪಿರುವ ಪ್ರಯುಕ್ತ, ಸಭಾದ ಅಧ್ಯಕ್ಷರ ಹೆಸರಿಗೆ ಹಚ್ಚಿಕೊಡಬೇಕಾಗಿ...'" ಧರ್ಮರಾಜ ಅದೇ ಸಾಲನ್ನು ಮತ್ತೊಮ್ಮೆ ಕಣ್ಣಲ್ಲೇ ಓದಿಕೊಂಡ.

ಹನಮವ್ವನ ಕೋಲು ನಿಂತಿತು. "ಖುಷಿಲೆ ಅಂತ ಯಾರ ಹೇಳ್ಯಾರ, ತಮ್ಮಾ?"

"ಕೆಳಗ ಹಗ್ಗದ ಚಿತ್ರ ಅದಾವಲ್ಲ ಆಯಿ, ಅವು ನಮ್ಮಾವ್ರ ಸಹಿ. ಅಕ್ಷರ ಬರ್ತಿರಲಿಲ್ಲ. ಒಕ್ಕಲತನದವ್ರು ನೇಗಿಲ ಬರೀತಿದ್ರು, ನಾವು ಸತ್ತ ದನಾ ಎಳಿಯೂ ಹಗ್ಗ. ಮೊದಲನೇದು ಸೋಮನಿಂಗಂದು, ನಿನ್ನ ಗಂಡನ ಮುತ್ಯಾನ ಅಪ್ಪಂದು." ಅವನು ಧಣಿಯ ಮುಖ ನೋಡದೆ ಉಳಿದದ್ದನ್ನೂ ಹೇಳಿಬಿಟ್ಟ. "ಅಂಚಿನ್ಯಾಗ ಇಂಗ್ಲಿಷ ಸಾಹೇಬ ಬರದಾನ. ಅರ್ಜಿ ನಾಮಂಜೂರ. ಭೂಮಿ ಹೊಲೆಯರದ ಅಂತ."

"ಬಾಯಿ ಮುಚ್ಚ ಮಗನ. ನೌಕರಿ ಬ್ಯಾಡಾಗೇತೇನು?"

ಎಂಟು ಎಕರೆ. ತಮ್ಮದೇ ನೆಲದಲ್ಲಿ ಆರಡಿ ತೋಡುವುದಕ್ಕೆ ಯಂಕಪ್ಪನ ಹೆಣ ಅಂಗಳದಲ್ಲಿಟ್ಟು ಅವಳು ಇದೇ ಧಣಿಗೆ ಕೈಮುಗಿದು ನಿಂತಿದ್ದಳು. ಕೋಲು ಎಸೆದು ಎರಡೂ ಕೈಯಿಂದ ಕಟ್ಟನ್ನು ಗೋಡೆಯಿಂದ ಕಿತ್ತು ಎದೆಗೆ ಅವುಚಿಕೊಂಡಳು.

"ಎಲ್ಲಿಗಿ ಒಯ್ತೀ ಬೋಸುಡಿ, ಇಡು ಅದನ್ನ."

"ಸಿಂದಗಿಗಿ. ತಹಸೀಲ್ದಾರಗ ತೋರಸ್ತೇನಿ. ನಾ ಮುಟ್ಟೇನ್ರಿ, ಮೈಲಿಗಿ ಆಗೇತಿ. ಇನ್ನ ನಿಮಗ್ಯಾಕ ಅದು?"

ರಾವಸಾಬ ಧಡಕ್ಕನೆ ಎದ್ದು ಕೈ ಚಾಚಿದ. ಕಸಿಯಬೇಕೆಂದರೆ ಅವಳನ್ನು ಮುಟ್ಟಬೇಕು. ಚಾಚಿದ ಕೈ ಗೇಣು ದೂರದಲ್ಲೇ ನಿಂತಿತು. ಹನಮವ್ವ ಹಿತ್ತಲ ಕಡೆ ತಿರುಗಲಿಲ್ಲ. ಹುಟ್ಟಿದಂದಿನಿಂದ ಕಾಲಿಡದ ತಲಬಾಗಿಲನ್ನು ದಾಟಿ ಬಸ್ಸಿನ ಹಾದಿ ಹಿಡಿದಳು.