ಫಕೀರವ್ವನ ಕಾಲ್ಗುಣ

ತಮ್ಮಣ್ಣ ತನ್ನ ಹಳೆಯ ಪಿಕಪ್ ಗಾಡಿಯಲ್ಲಿ ಖಾನಾಪುರದ ಭಟ್ಟಿಗಳಿಂದ ಹಂಚು, ಇಟ್ಟಿಗೆ ಹೇರಿಕೊಂಡು ಬೆಳಗಾವಿಗೆ ತಂದು ಹಾಕುತ್ತಿದ್ದ. ಆಗ ಮಹಾಂತೇಶ ನಗರದಲ್ಲಿ ಕಟ್ಟಿದ ಮನೆಗಳಿಗಿಂತ ಕಟ್ಟಬೇಕಾದ ಮನೆಗಳೇ ಹೆಚ್ಚು, ಕೆಲಸಕ್ಕೆ ಕೊರತೆಯಿರಲಿಲ್ಲ. ಹೆಂಡತಿ ಬಸವಣ್ಣೆವ್ವ ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯ ಹೆಂಗಸರಿಗೆಲ್ಲ ಕುಪ್ಪಸ ಹೊಲಿದುಕೊಡುತ್ತಿದ್ದಳು. ಆದರೆ ಮನೆ ನಡೆಯುತ್ತಿದ್ದುದು ತಮ್ಮಣ್ಣನ ತಂಗಿ ಫಕೀರವ್ವನಿಂದ.

ಫಕೀರವ್ವನ ಗಂಡ ಮದುವೆಯಾದ ವರ್ಷದೊಳಗೇ ಜ್ವರ ಬಂದು ತೀರಿಕೊಂಡಿದ್ದ. ಆಗ ಅಣ್ಣನ ಮನೆಗೆ ಬಂದವಳು ಮತ್ತೆ ಎಲ್ಲಿಗೂ ಹೋಗಲಿಲ್ಲ. ರೊಟ್ಟಿ ಬಡಿಯುವುದು, ನಳದ ನೀರಿಗೆ ಸರದಿ ನಿಲ್ಲುವುದು, ಬಸವಣ್ಣೆವ್ವನ ಇಬ್ಬರು ಗಂಡುಹುಡುಗರನ್ನು ಮೀಯಿಸಿ, ತಲೆ ಬಾಚಿ, ಗೇಟಿನ ತನಕ ಹೋಗಿ ಶಾಲೆಗೆ ಕಳಿಸುವುದು ಎಲ್ಲವೂ ಅವಳದೇ. ಗಾಡಿ ರಿಪೇರಿಗೂ ತಮ್ಮಣ್ಣನ ಜೊತೆ ಅವಳೇ ಕೈ ಹಚ್ಚುತ್ತಿದ್ದಳು. ಅವಳ ರಟ್ಟೆಯಲ್ಲಿ ಅಷ್ಟು ಕಸುವಿತ್ತು.

ಹೀಗಿರುವಾಗ ಬಳಗದ ಹಿರಿಯ ಗುರುಪುತ್ರಪ್ಪ ಅವಳಿಗೊಂದು ಸಂಬಂಧ ತಂದ. ಹುಡುಗ ಲೋಂಡಾದ ಲಕ್ಷ್ಮಪ್ಪ. ರೈಲ್ವೆ ಗ್ಯಾಂಗಿನಲ್ಲಿ ಹಳಿಯ ಕೆಲಸ. ಹೆಂಡತಿ ಸತ್ತಿದ್ದಳು, ಮಕ್ಕಳಿರಲಿಲ್ಲ. ವಿಧವೆಗೆ ಉಡಿಕೆಯ ಮದುವೆ ಮಾಡುವುದು ಅವರಲ್ಲಿ ಮೊದಲಿನಿಂದ ನಡೆದುಬಂದದ್ದೇ. ಲಕ್ಷ್ಮಪ್ಪ ಬೆಳಗಾವಿಗೆ ಬಂದು ಫಕೀರವ್ವನನ್ನು ನೋಡಿ, ಒಪ್ಪಿ ಹೋದ. ಅವನ ತಾಯಿ ಬಾಳವ್ವನಿಗೆ ಮಂಡಿನೋವು, ಪ್ರಯಾಣ ಆಗದು. "ರವಿವಾರ ನೀವ ಆಕೀನ ಕರಕೊಂಡು ಬರ್ರಿ, ಇಲ್ಲೇ ಊಟ ಮಾಡಿ ಮಾತು ಮುಗಸೂಣು" ಎಂದು ಹೇಳಿ ಕಳಿಸಿದಳು.

ಬಸವಣ್ಣೆವ್ವ ಎಲ್ಲರಂತೆ ಖುಷಿಪಟ್ಟಳು. ನಾದಿನಿಗಾಗಿ ಹೊಸ ಕುಪ್ಪಸವನ್ನೂ ಹೊಲಿದಳು. ಆ ಕುಪ್ಪಸಕ್ಕೆ ಗುಂಡಿ ಹಚ್ಚುತ್ತ ಕುಳಿತಿದ್ದಾಗಲೇ ಅವಳಿಗೆ ಮೊದಲ ಸಲ ಹೆದರಿಕೆಯಾದದ್ದು. ನಾಳೆ ನೀರು ಯಾರು ತರಬೇಕು? ಹುಡುಗರನ್ನು ಯಾರು ಎಬ್ಬಿಸಬೇಕು? ರೊಟ್ಟಿ ಬಡಿಯುವುದು ಅವಳಿಗೆ ಮರೆತೇ ಹೋಗಿತ್ತು. ಹುಡುಗರು ರಾತ್ರಿ ಕನವರಿಸಿದರೂ ಕೂಗುತ್ತಿದ್ದುದು ಅತ್ತೆ ಫಕೀರವ್ವನನ್ನು, ಅವ್ವನನ್ನಲ್ಲ. ಈ ಮಾತನ್ನು ಯಾರ ಮುಂದೆ ಹೇಳುವುದು? ಹೇಳಿದರೆ ಜನ ಮುಖದ ಮೇಲೆ ಉಗುಳಿಯಾರು.

ಶನಿವಾರ ಸಂಜೆ ತಮ್ಮಣ್ಣ ಗುರುಪುತ್ರಪ್ಪನನ್ನು ಕರೆಯಲು ಹೋಗಿದ್ದ. ಫಕೀರವ್ವ ಹಿತ್ತಲಲ್ಲಿ ಹುಡುಗರಿಗೆ ನೀರು ಹಾಕುತ್ತಿದ್ದಳು. ಬಸವಣ್ಣೆವ್ವ ಹೊಲಿಗೆಯ ಕತ್ತರಿ ಹಿಡಿದುಕೊಂಡು ಅಂಗಳಕ್ಕೆ ಬಂದು ಗಾಡಿಯ ಬಾನೆಟ್ ಎತ್ತಿದಳು. ಫ್ಯಾನ್ ತಿರುಗಿಸುವ ರಬ್ಬರಿನ ಬೆಲ್ಟು ಯಾವುದೆಂದು ಅವಳಿಗೆ ಗೊತ್ತಿತ್ತು. ಅದು ಹೋದರೆ ಗಾಡಿಯ ಕತೆ ಮುಗಿಯಿತು ಎಂದು ಗಂಡ ಹೇಳುತ್ತಿದ್ದ. ಹಾಗಾದರೆ ಗಾಡಿ ಚಾಲೂ ಆಗುವುದೇ ಇಲ್ಲ, ನಾಳೆಯ ಪ್ರಯಾಣ ಮುಂದಕ್ಕೆ ಹೋಗುತ್ತದೆ ಎಂದಷ್ಟೇ ಅವಳು ತಿಳಿದದ್ದು. ಆಮೇಲೆ ಏನು ಎಂದು ಯೋಚಿಸಿರಲಿಲ್ಲ. ಬೆಲ್ಟು ದಪ್ಪಗಿತ್ತು, ಕತ್ತರಿ ಸರಿಯಾಗಿ ಹಿಡಿಯಲಿಲ್ಲ. ಅರ್ಧ ಕೊಯ್ಯುವಷ್ಟರಲ್ಲಿ ಫಕೀರವ್ವ "ವೈನಿ, ಟಾವೆಲ್ ಎಲ್ಲೈತ್ರಿ?" ಎಂದು ಅತ್ತಿಗೆಯನ್ನು ಕೂಗಿದಳು. ಬಸವಣ್ಣೆವ್ವ ಬಾನೆಟ್ ಮುಚ್ಚಿ ಒಳಗೋಡಿದಳು.

ಬೆಳಿಗ್ಗೆ ಗಾಡಿ ಒಂದೇ ಏಟಿಗೆ ಚಾಲೂ ಆಯಿತು.

ಆಗಲಾದರೂ ಅವಳು ಹೇಳಬಹುದಿತ್ತು. ಗುರುಪುತ್ರಪ್ಪ ಮುಂದಿನ ಸೀಟಿನಲ್ಲಿ ಕುಳಿತ, ಹಿಂದೆ ಚಾಪೆ ಹಾಸಿಕೊಂಡು ಹೆಂಗಸರು, ಹುಡುಗರು, ಹಣ್ಣಿನ ಬುಟ್ಟಿ. ಫಕೀರವ್ವ ಹೊಸ ಸೀರೆಯ ಸೆರಗನ್ನು ಧೂಳು ತಾಗದಂತೆ ಮಡಿಲಲ್ಲಿ ಮಡಚಿಟ್ಟುಕೊಂಡಿದ್ದಳು. ಬಸವಣ್ಣೆವ್ವ ದಾರಿಯುದ್ದಕ್ಕೂ ಎಂಜಿನ್ನಿನ ಸದ್ದಿಗೇ ಕಿವಿಗೊಟ್ಟಿದ್ದಳು. ಖಾನಾಪುರ ದಾಟಿತು. ಏನೂ ಆಗಲಿಲ್ಲ. ಏನೂ ಆಗದೆ ಲೋಂಡಾ ಮುಟ್ಟಿದರೆ ಸಾಕಪ್ಪಾ ಎಂದು ಅವಳೀಗ ಮನಸ್ಸಿನಲ್ಲೇ ಬೇಡಿಕೊಳ್ಳತೊಡಗಿದಳು.

ಕಾಡು ಶುರುವಾದ ಮೇಲೆ ಮುಂದಿನಿಂದ ಫಟ್ಟೆಂದು ಸಪ್ಪಳವಾಯಿತು. ಸ್ವಲ್ಪ ಹೊತ್ತಿಗೆ ರೇಡಿಯೇಟರಿನಿಂದ ಹಬೆ ಎದ್ದಿತು. ತಮ್ಮಣ್ಣ ಇಳಿದು ನೋಡಿ ತಲೆಗೆ ಕೈ ಹಚ್ಚಿದ. ಸುತ್ತ ಮರ ಬಿಟ್ಟರೆ ಏನಿಲ್ಲ.

ಗುರುಪುತ್ರಪ್ಪ ರಸ್ತೆಯ ಬದಿಗೆ ನಿಂತು ಟೋಪಿ ಸರಿಮಾಡಿಕೊಂಡ. "ತಮ್ಮಣ್ಣಾ, ಇಷ್ಟ ವರ್ಷ ಈ ದಾರ್ಯಾಗ ಗಾಡಿ ಹೊಡೀತಿ. ಎಂದಾರ ಹಿಂಗ ಆಗೇತೇನು?"

"ಇಲ್ರಿ ಕಾಕಾ."

"ಶುಭಕಾರ್ಯಕ್ಕ ಹೊಂಟಾಗ ಆಗಬೇಕೇನಿದು?" ಎಂದವನೇ ಫಕೀರವ್ವನ ಕಡೆಗೊಮ್ಮೆ ನೋಡಿ ಮುಖ ತಿರುಗಿಸಿದ. ಫಕೀರವ್ವ ಗಾಡಿಯಿಂದ ಇಳಿದು ದೂರ ಹೋಗಿ ಮರದ ಬುಡದಲ್ಲಿ ಕುಳಿತಳು.

ಒಂದು ಲಾರಿ ಸಿಕ್ಕಿತು. ಇಂದು ಮುಂದೆ ಹೋಗುವುದು ಬೇಡ, ನೀವು ಮನೆಗೆ ತಿರುಗಿ, ಸುದ್ದಿ ನಾನು ಮುಟ್ಟಿಸುತ್ತೇನೆಂದು ಗುರುಪುತ್ರಪ್ಪ ಅದರಲ್ಲಿ ಲೋಂಡಾಕ್ಕೆ ಹೋದ. ತಮ್ಮಣ್ಣ ಹಳೆಯ ನೈಲಾನ್ ಸೀರೆಯ ತುಂಡನ್ನು ಹುರಿ ಮಾಡಿ ಬೆಲ್ಟಿನ ಜಾಗದಲ್ಲಿ ಬಿಗಿದು ಕಟ್ಟಿದ. ಅದು ಹರಿದಾಗ ಇನ್ನೊಂದು ಕಟ್ಟುತ್ತ, ಹಳ್ಳ ಕಂಡಲ್ಲಿ ರೇಡಿಯೇಟರಿಗೆ ನೀರು ಹೊಯ್ಯುತ್ತ, ದೀಪ ಹಚ್ಚುವ ಹೊತ್ತಿಗೆ ಎಲ್ಲರನ್ನೂ ಮನೆಗೆ ಮುಟ್ಟಿಸಿದ.

ಮರುದಿನ ಬೆಳಿಗ್ಗೆ ಅವನು ಪೇಟೆಯಿಂದ ಹೊಸ ಬೆಲ್ಟು ತಂದು ಅಂಗಳದಲ್ಲೇ ಕೆಲಸಕ್ಕಿಳಿದ. ಡೈನಮೊದ ಬೋಲ್ಟು ಸಡಿಲಿಸಿ, ಅದನ್ನು ಎಂಜಿನ್ನಿನ ಕಡೆಗೆ ತಳ್ಳಿ, ಬೆಲ್ಟನ್ನು ಫ್ಯಾನಿನ ಎಲೆಗಳ ಮೇಲಿಂದ ಒಂದೊಂದಾಗಿ ದಾಟಿಸಿ ಅದು ತಿರುಗುವ ಸಣ್ಣ ಗಾಲಿಗಳಿಗೆ ಕೂಡಿಸಿದ. ಇನ್ನು ಡೈನಮೊವನ್ನು ಹಾರೆಯಿಂದ ಮೀಟಿ ಹೊರಗೆ ಹಿಡಿದರೆ ಬೆಲ್ಟು ಬಿಗಿಯುತ್ತದೆ. ಆಗ ಬೋಲ್ಟು ತಿರುಗಿಸಬೇಕು. ಅದಕ್ಕೆ ಇನ್ನೊಬ್ಬರ ಕೈ ಬೇಕು.

"ಫಕೀರವ್ವಾ, ಹಾರಿ ಹಿಡಿ ಬಾ."

ಫಕೀರವ್ವ ಬಾಗಿಲಿಗೆ ಬಂದಳು, ಅಂಗಳಕ್ಕೆ ಇಳಿಯಲಿಲ್ಲ. "ಬ್ಯಾಡಣ್ಣಾ. ನಾ ಮುಟ್ಟೂದಿಲ್ಲ. ನಿನ್ನ ಅನ್ನದ ಗಾಡಿ ಅದು."

"ಹುಚ್ಚಿ, ಏನಂತಿ?"

"ವೈನಿನ್ನ ಕರಿ" ಎಂದು ಅವಳು ಒಳಗೆ ಹೋದಳು.

ಬಸವಣ್ಣೆವ್ವ ಬಂದು ಹಾರೆ ಹಿಡಿದಳು. ಹಾರೆ ಎರಡು ಸಲ ಜಾರಿತು. "ಗಟ್ಟಿ ಹಿಡಿ, ಇನ್ನಷ್ಟು ಮೀಟು" ಎನ್ನುತ್ತ ತಮ್ಮಣ್ಣ ಪಾನಾ ಹಾಕಿ ಬೋಲ್ಟು ಬಿಗಿದ. ಬೆಲ್ಟಿನ ಮೇಲೆ ಹೆಬ್ಬೆರಳು ಒತ್ತಿ ನೋಡಿದ. ತುಸುವೇ ಬಗ್ಗಿತು, ಸರಿಯಾಗಿತ್ತು. ಆಮೇಲೆ ಹರಿದ ಬೆಲ್ಟನ್ನು ಎತ್ತಿಕೊಂಡು ತುದಿಯನ್ನು ಬಿಸಿಲಿಗೆ ಹಿಡಿದ.

"ಇಲ್ನೋಡು. ಈ ಅರ್ಧ ಹರದೈತಿ, ಖರೇ. ಈ ಅರ್ಧ ನೋಡು, ಸಾಫ್ ಕೊಯ್ದಂಗೈತಿ. ಗಾಲಿ ಅಂಚು ಹರಿತ ಆಗೇತೋ ಏನೋ. ನಾನ ಮೊದಲ ನೋಡಿಕೋಬೇಕಿತ್ತು. ತಂಗಿ ಮದಿವಿ ಸಂಭ್ರಮದಾಗ ನನಗ ಕಣ್ಣಿರಲಿಲ್ಲ."

ಅವನು ಕೂತು ಗಾಲಿಯ ಅಂಚನ್ನು ಬೆರಳಿನಿಂದ ತಡವತೊಡಗಿದ. ಬಸವಣ್ಣೆವ್ವ ಹಾರೆಯನ್ನು ಗೋಡೆಗೆ ಆನಿಸಿ ಒಳಗೆ ಹೋಗಿ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕುಳಿತಳು.

ಮಧ್ಯಾಹ್ನ ಗುರುಪುತ್ರಪ್ಪ ಬಂದ. ಚಹಾ ಬೇಡವೆಂದ. "ಬಾಳವ್ವ ಒಲ್ಲೆ ಅಂದ್ಳಪಾ. ಅಡಗಿ ಮಾಡಿಕೊಂಡು ಮಧ್ಯಾನತನಾ ಹಾದಿ ಕಾದಾರ. ಆಕಿ ಹತ್ತಿದ ಗಾಡಿ ಅಡವ್ಯಾಗ ನಿಂತತಿ, ನಮ್ಮ ಮನಿಗಿ ಬಂದ್ರ ಹೆಂಗ ಅಂದ್ಳು. ನಾ ಏನ ಹೇಳ್ಲಿ?" ಗಾಡಿ ನಿಂತ ಸುದ್ದಿಯ ಜೊತೆಗೆ ಇನ್ನೇನು ಹೇಳಿ ಬಂದಿದ್ದ ಎಂದು ಯಾರೂ ಕೇಳಲಿಲ್ಲ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಡುವೆ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಬಸವಣ್ಣೆವ್ವ ಬಯಸಿದ್ದು ಇದೇ. ನಾದಿನಿ ಎಲ್ಲಿಗೂ ಹೋಗುವುದಿಲ್ಲ. ರೊಟ್ಟಿ, ನೀರು, ಹುಡುಗರು, ಎಲ್ಲ ಮೊದಲಿನಂತೆಯೇ. ಆದರೆ ಅಂದು ರಾತ್ರಿ ಫಕೀರವ್ವ ಬಡಿಸಿದ ರೊಟ್ಟಿಯನ್ನು ಅವಳು ಹುಡುಗರ ತಾಟಿಗೆ ಹಾಕಿ ಎದ್ದಳು.

ಮರುದಿನ ಹುಡುಗರು ಶಾಲೆಗೆ ಹೊರಟಾಗ ಫಕೀರವ್ವ ಗೇಟಿನ ತನಕ ಹೋಗಲಿಲ್ಲ. ತಲೆ ಬಾಚಿ, ಪಾಟಿಚೀಲ ಹೆಗಲಿಗೆ ಹಾಕಿ, ತಾನು ಒಳಕೋಣೆಯ ಬಾಗಿಲ ಹಿಂದೆ ಸರಿದು ನಿಂತಳು. ಸಣ್ಣವನು "ಅತ್ತೀ, ಅತ್ತೀ" ಎಂದು ಕೂಗಿದ. ಅವಳು ಮಿಸುಕಲಿಲ್ಲ.

"ಅಲ್ಯಾಕ ನಿಂತಿ? ಕರಿಯಾಕ ಹತ್ಯಾನ" ಎಂದಳು ಬಸವಣ್ಣೆವ್ವ.

"ಹೊರಗ ಹೋಗೂಮುಂದ ನನ್ನ ಮಾರಿ ನೋಡೂದು ಬ್ಯಾಡ್ರಿ ವೈನಿ. ಸಣ್ಣ ಕೂಸು. ರಸ್ತಾದಾಗ ಏನರ ಆದ್ರ?"

ಬಸವಣ್ಣೆವ್ವ ಬಾಗಿಲ ಹತ್ತಿರಕ್ಕೆ ಬಂದಳು. "ನಾ ಕೊಯ್ದೆ" ಎಂದಳು. "ಬೆಲ್ಟ ನಾ ಕೊಯ್ದೆ, ಫಕೀರಿ. ಶನಿವಾರ, ಕತ್ತರೀಲೆ. ಗಾಡಿ ಚಾಲೂ ಆಗೂದಿಲ್ಲಂತ ತಿಳಿದಿದ್ದೆ."

ಫಕೀರವ್ವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ಯಾಕ್ರಿ?"

"ನೀ ಹೋದ್ರ ನನ್ನ ಮನಿ ನಡಿಯೂದಿಲ್ಲಂತ."

ಅಷ್ಟೇ ಇದ್ದದ್ದು. ಬೇರೆ ಕಾರಣ ಹುಡುಕಿದರೂ ಬಸವಣ್ಣೆವ್ವನಿಗೆ ಸಿಗಲಿಲ್ಲ. ಫಕೀರವ್ವ ಅಳಲಿಲ್ಲ, ಬೈಯಲೂ ಇಲ್ಲ. ಬಾಗಿಲ ಹಿಂದಿನಿಂದ ಹೊರಬಂದಳು. "ನನ್ನ ಗಂಡನ್ನೂ ನಾನ ತಿಂದೆ ಅಂತ ನಿನ್ನೆ ರಾತ್ರಿ ನಂಬಿದ್ನಿರಿ. ಇಷ್ಟ ವರ್ಷ ಯಾರ ಅಂದ್ರೂ ನಂಬಿರಲಿಲ್ಲ" ಎಂದಳು. ಹುಡುಗರಾಗಲೇ ಓಣಿಯ ತಿರುವಿನಲ್ಲಿದ್ದರು. ಅವಳು ಸೆರಗು ಸಿಕ್ಕಿಸಿಕೊಂಡು ಅವರ ಹಿಂದೆ ಓಡಿದಳು.

ತಮ್ಮಣ್ಣನಿಗೂ ಬಸವಣ್ಣೆವ್ವ ತಾನೇ ಹೇಳಿದಳು. ಅವನು ಗಾಡಿಯ ಕೀಲಿ ಕೈಗೆತ್ತಿಕೊಂಡ. "ಗಾಡಿ ಹತ್ತು. ಆ ಮುದುಕಿ ಮುಂದ ಇದನ್ನ ಹೇಳು" ಎಂದ.

ಲೋಂಡಾದ ರೈಲ್ವೆ ಮನೆಯ ಕಟ್ಟೆಯ ಮೇಲೆ ಬಾಳವ್ವ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಲಕ್ಷ್ಮಪ್ಪ ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದ. ಬಸವಣ್ಣೆವ್ವ ಕುಳಿತುಕೊಳ್ಳದೆ ಎಲ್ಲವನ್ನೂ ಹೇಳಿದಳು. ಹೇಳುವಾಗ ಅತ್ತರೆ ಕರುಣೆ ಬೇಡಿದಂತಾಗುತ್ತದೆಂದು ಹಲ್ಲು ಕಚ್ಚಿಕೊಂಡಳು.

"ಆಕಿ ಕಾಲ್ಗುಣ ಅಲ್ರಿ ಅದು, ನನ್ನ ಕೈಗುಣ. ಬೈಯೂದಿದ್ರ ನನಗ ಬೈರಿ."

ಬಾಳವ್ವ ಎಣ್ಣೆಯ ಬಟ್ಟಲು ಬದಿಗಿಟ್ಟಳು. "ಎಷ್ಟ ವರ್ಷ ದುಡಸ್ಕೊಂಡಿ ಆಕೀನ?"

"ಲಕ್ಷ್ಮ್ಯಾ," ಎಂದಳು ಮುದುಕಿ ಮಗನತ್ತ ತಿರುಗಿ. "ಇಂಥಾ ಮನ್ಯಾಗ ಆಕಿ ಇನ್ನ ಭಾಳ ದಿನಾ ಇರೂದು ಬ್ಯಾಡ. ಐನಾರ್ನ ಕೇಳಿ ಮದಿವಿಗಿ ದಿನಾ ಹಿಡಿ."

ಲಕ್ಷ್ಮಪ್ಪ ನೆಲ ನೋಡುತ್ತ ಮೆಲ್ಲಗೆ ನಕ್ಕ. ಬಸವಣ್ಣೆವ್ವನಿಗೆ ಕೆನ್ನೆಗೆ ಹೊಡೆದಂತಾಯಿತು. ಆ ಏಟು ಬೇಕಾಗಿಯೂ ಇತ್ತು.

ಉಡಿಕೆ ಸರಳವಾಗಿ ಆಯಿತು. ಗುರುಪುತ್ರಪ್ಪ ಎಲ್ಲರಿಗಿಂತ ಮುಂದೆ ಕುಳಿತು ಊಟ ಮಾಡಿದ. ಬಸವಣ್ಣೆವ್ವ ನಳದ ಸರದಿಗೆ ನಿಂತಳು, ರೊಟ್ಟಿ ಕಲಿತಳು. ಮೊದಲಿನವು ಹರಿದವು, ಸುಟ್ಟವು, ಹುಡುಗರು ಗೊಣಗುತ್ತಲೇ ತಿಂದರು. ಗಂಡ ಮಾತಾಡುತ್ತಿದ್ದ, ಆದರೆ ಕೆಲಸವಿದ್ದಷ್ಟೇ. ಮೊದಲಿನಂತಾಗಲು ಒಂದು ಮಳೆಗಾಲವೇ ಹಿಡಿಯಿತು.

ಪಂಚಮಿ ಹಬ್ಬಕ್ಕೆ ತಮ್ಮಣ್ಣ ತಂಗಿಯನ್ನು ಕರೆತಂದ. ಫಕೀರವ್ವ ಮೈತುಂಬಿಕೊಂಡಿದ್ದಳು. ಹುಡುಗರನ್ನು ತೊಡೆಯ ಮೇಲೆ ಎಳೆದುಕೊಂಡು ನಕ್ಕಳು, ಲೋಂಡಾದ ರೈಲುಗಳ ಸುದ್ದಿ ಹೇಳಿದಳು. ಅತ್ತಿಗೆಯನ್ನು "ಆರಾಮ ಅದೀರಿ?" ಎಂದು ಕೇಳಿದಳು. ಮೊದಲಿನಂತೆ ವೈನಿ ಎಂದು ಕರೆಯಲಿಲ್ಲ. ಇದ್ದಷ್ಟು ದಿನವೂ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಪಡಸಾಲೆಯಲ್ಲಿ ಅತಿಥಿಯಂತೆ ಕುಳಿತು, ಬಸವಣ್ಣೆವ್ವ ತಂದಿಟ್ಟ ತಾಟಿಗೆ ಕೈ ಹಚ್ಚಿದಳು.

"ರೊಟ್ಟಿ ಛಲೋ ಆಗ್ಯಾವ" ಎಂದಳು.

ಬಸವಣ್ಣೆವ್ವ ಇನ್ನೊಂದನ್ನು ಬಡಿಸಿ ಒಳಗೆ ಹೋಗಿ ಒಲೆಯ ಮುಂದೆ ಕುಳಿತಳು.