ಬಾಡದ ಸೊಪ್ಪು

ಇಡೀ ಅಪಾರ್ಟ್‌ಮೆಂಟು ನಮ್ಮನೆಯವರನ್ನು ಹಸಿರಣ್ಣ ಎಂದು ಕರೆಯುತ್ತದೆ. ಹುಲ್ಲುಹಾಸಿಗೆ ನೀರು ಬಿಡುವವರೂ ಇವರೇ, ಕಲ್ಲಿನ ಸಂದಿಯಲ್ಲಿ ತಲೆಯೆತ್ತುವ ಕಳೆಗೆ ಔಷಧಿ ಹೊಡೆಯುವವರೂ ಇವರೇ. ಕೊಲ್ಲುವ ನೀರಿಗೆ ಔಷಧಿ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ, ಸಿಕ್ಕಿದ್ದರೆ ನಾಲ್ಕು ಮಾತು ಕೇಳುತ್ತಿದ್ದೆ. ನಾನು ಅದೇ ಕಟ್ಟಡದ ಮೆಟ್ಟಿಲು ಒರೆಸುತ್ತೇನೆ.

ಹಿಂದಿನ ಕಾಂಪೌಂಡ್ ಗೋಡೆಯ ಬುಡದಲ್ಲಿ ತಾನಾಗಿ ಹಬ್ಬುವ ಗೋಣಿಸೊಪ್ಪು ಎಲ್ಲರಿಗೂ ಕಳೆ, ನನಗೆ ಒಂದು ಹೊತ್ತಿನ ಅಡುಗೆ. ಅದಕ್ಕೇ ನಮ್ಮಿಬ್ಬರ ನಡುವೆ ಒಂದು ಕಟ್ಟುಪಾಡು. ಅಲ್ಲಿ ಔಷಧಿ ಹೊಡೆದರೆ ಇವರು ಪಕ್ಕದ ನಲ್ಲಿಗೆ ಕೆಂಪು ಬಟ್ಟೆ ಕಟ್ಟುತ್ತಾರೆ. ಬಟ್ಟೆ ಕಂಡರೆ ನಾನು ಆ ಕಡೆ ತಲೆ ಹಾಕುವುದಿಲ್ಲ. ಬಾಯಿಮಾತನ್ನು ನಾವು ನೆಚ್ಚಿಕೊಂಡಿಲ್ಲ. ನಾನು ಹೇಳಿದ್ದು ಇವರ ಈ ಕಿವಿಯಲ್ಲಿ ಹೋಗಿ ಆ ಕಿವಿಯಲ್ಲಿ ಬರುತ್ತದೆ, ಇವರಂತೂ ಬಾಯಿ ಬಿಡುವುದೇ ಅಪರೂಪ.

ಮಗಳು ಬಸುರಿ, ಹೆರಿಗೆಗೆ ನಮ್ಮಲ್ಲಿಗೆ ಬಂದಿದ್ದಳು. ಏನು ಮಾಡಿಟ್ಟರೂ ಮುಖ ತಿರುಗಿಸುತ್ತಿದ್ದವಳು ಅಂದು ಸೊಪ್ಪು ಬೇಕು ಅಂದಳು. ನನಗೆ ಅಷ್ಟೇ ಸಾಕಾಯಿತು. ಗೋಡೆಯ ಬಳಿ ಹೋದೆ. ನಲ್ಲಿಗೆ ಬಟ್ಟೆ ಕಟ್ಟಿರಲಿಲ್ಲ. ಸೊಪ್ಪು ಎಳೆಯದಾಗಿ ಹೊಳೆಯುತ್ತಿತ್ತು. ಮಡಿಲು ತುಂಬ ಕಿತ್ತು ತಂದು, ತೊಳೆದು, ಬೇಯಿಸಿ ಬಡಿಸಿದೆ. ಮಗಳು ಎರಡನೇ ಸಲ ಹಾಕಿಸಿಕೊಂಡು ತಿಂದಳು. ಅವಳು ಉಣ್ಣುವುದನ್ನು ನೋಡಿಯೇ ನನ್ನ ಹೊಟ್ಟೆ ತುಂಬಿತು.

ಇವರು ಕೆಲಸ ಮುಗಿಸಿ ಬಂದವರು ತಟ್ಟೆ ನೋಡಿ ಬಾಗಿಲಲ್ಲೇ ನಿಂತರು.

"ಎಲ್ಲಿಂದ ತಂದೆ ಇದನ್ನ?"

"ಇನ್ನೆಲ್ಲಿಂದ, ಗೋಡೆ ಹತ್ರದಿಂದ."

"ಬಟ್ಟೆ ಕಟ್ಟಿದ್ನಲ್ಲೇ! ನಿನ್ನೆ ತಾನೇ ಹೊಡೆದಿದ್ದು!"

"ಯಾವ ಬಟ್ಟೆ? ನಲ್ಲಿ ಬೋಳಾಗಿತ್ತು. ಸೊಪ್ಪು ನೋಡಿದ್ರೆ ನಳನಳಿಸ್ತಿತ್ತು."

"ಹೊಡೆದ ತಕ್ಷಣ ಬಾಡೋದಿಲ್ಲ ಕಣೇ. ಹಳದಿ ತಿರುಗೋಕೆ ಸುಮಾರು ದಿನ ಹಿಡಿಯುತ್ತೆ."

ಮಗಳು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನನ್ನ ಮುಖ ನೋಡಿದಳು. ಆ ನೋಟ ನನ್ನ ಶತ್ರುವಿಗೂ ಬೇಡ.

ನಲ್ಲಿಗೆ ಕಟ್ಟಿದ್ದ ಕೆಂಪು ಬಟ್ಟೆ ಬಿಚ್ಚಿದ್ದು ಅಪಾರ್ಟ್‌ಮೆಂಟಿನ ಸೆಕ್ರೆಟರಿ. ಯಾರೋ ಮನೆ ಕೊಳ್ಳುವವರು ನೋಡಲು ಬಂದಿದ್ದರಂತೆ, ಚಿಂದಿ ತೂಗಾಡಿದರೆ ಚೆನ್ನಾಗಿರುವುದಿಲ್ಲವೆಂದು ತೆಗೆದು ಕಸಕ್ಕೆ ಹಾಕಿದ್ದರು. ಅವರ ಮನೆಯ ಬಾಗಿಲು ಬಡಿದು ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಕೆಲಸ ಹೋದರೆ ಹೋಗಲಿ ಎಂದುಕೊಂಡೇ ಅಂದೆ. ಆ ಮನುಷ್ಯ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಕಾರಿನ ಕೀಲಿ ತಂದರು.

ಆಸ್ಪತ್ರೆಯಲ್ಲಿ ಇವರು ಕಳೆ ಔಷಧಿಯ ಡಬ್ಬಿಗೆ ಅಂಟಿಸಿದ್ದ ಚೀಟಿಯನ್ನು ಡಾಕ್ಟರ್ ಕೈಗಿಟ್ಟರು. ಆಕೆ ಅದನ್ನು ಓದಿ, ಮಗಳನ್ನು ಮಲಗಿಸಿ, ಹೊಟ್ಟೆಗೆ ಯಂತ್ರ ಒತ್ತಿದರು. ಕೂಸಿನ ಎದೆಬಡಿತ ಕೋಣೆಯ ತುಂಬ ಕೇಳಿಸಿತು. ನಾನು ಅಳು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡೆ.

"ಬಡಿತ ಚೆನ್ನಾಗಿದೆ," ಡಾಕ್ಟರ್ ಅಂದರು. "ಸೊಪ್ಪಿನ ಜೊತೆ ಹೊಟ್ಟೆಗೆ ಹೋಗಿರೋ ಔಷಧಿ ಕಡಿಮೆ, ತೊಂದರೆ ಆಗೋ ಹಾಗೆ ಕಾಣ್ತಿಲ್ಲ. ಆದ್ರೆ ಏನೂ ಆಗೋದೇ ಇಲ್ಲ ಅಂತ ಬರೆದುಕೊಡೋಕೆ ನನ್ನಿಂದ ಆಗಲ್ಲ. ಇವತ್ತು ಇಲ್ಲೇ ಇರ್ಲಿ, ನೋಡ್ಕೊಳ್ತೀವಿ."

ಗೋಡೆಗೆ ಒರಗಿ ನಿಂತಿದ್ದ ಸೆಕ್ರೆಟರಿ ಸಣ್ಣ ದನಿಯಲ್ಲಿ ಕೇಳಿದರು. "ಡಾಕ್ಟ್ರೇ, ನಮ್ಮ ಮೊಮ್ಮಗಳು ಇನ್ನೂ ಅಂಬೆಗಾಲಿಡ್ತಾಳೆ. ದಿನಾ ಆ ಹುಲ್ಲಿನ ಮೇಲೇ ಬಿಡ್ತೀವಿ."

"ಹೊಡೆದ ಜಾಗಕ್ಕೆ ಬಿಡಬೇಡಿ," ಎಂದ ಡಾಕ್ಟರ್, "ಹೊಡೆಯೋರು ಯಾರು?" ಎಂದರು.

"ನಾನೇ," ಅಂದರು ಇವರು.

"ಕೈಗವಸು? ಮುಖಕ್ಕೆ?"

ಇವರು ನಕ್ಕರು. "ಸೆಕೆಗೆ ಅದೆಲ್ಲ ಎಲ್ಲಿ ಆಗುತ್ತೆ."

ಮಲಗಿದ್ದಲ್ಲಿಂದಲೇ ಮಗಳು ಅಂದಳು, "ಔಷಧಿ ಪಂಪಿನ ಮೂತಿ ಕಟ್ಟಿಕೊಂಡ್ರೆ ಅಪ್ಪ ಬಾಯಲ್ಲಿ ಊದ್ತಾನೆ, ಡಾಕ್ಟ್ರೇ. ಸಣ್ಣವಳಿದ್ದಾಗಿಂದ ನೋಡ್ತಿದೀನಿ."

ಡಾಕ್ಟರ್ ಪೆನ್ನು ಕೆಳಗಿಟ್ಟರು. ಇಷ್ಟು ವರ್ಷ ಮೈಗೆ, ಬಾಯಿಗೆ ಹತ್ತಿದ್ದು ಏನು ಮಾಡುತ್ತದೆ ಎಂಬ ಬಗ್ಗೆ ಓದಿದವರಲ್ಲೇ ಒಮ್ಮತವಿಲ್ಲವಂತೆ. ಕೆಲವರು ಕ್ಯಾನ್ಸರ್ ಬರಬಹುದು ಅನ್ನುತ್ತಾರಂತೆ, ಕೆಲವರು ಇಲ್ಲ ಅನ್ನುತ್ತಾರಂತೆ. "ಅವರ ಜಗಳ ಮುಗಿಯೋವರೆಗೂ ನೀವು ಊದ್ತಾ ಕೂರಬೇಡಿ. ತೋಳು ಚಾಚಿ, ರಕ್ತ ನೋಡೋಣ."

ಇವರು ಮಡಚಿದ್ದ ಅಂಗಿಯ ತೋಳನ್ನು ಕೆಳಕ್ಕೆಳೆದುಕೊಂಡರು. ಮೊಣಕೈಯಿಂದ ಕೆಳಗೆ ಚರ್ಮ ಒಡೆದು ಕೆಂಪಾಗಿತ್ತು. ಅದನ್ನು ನಾನು ದಿನಾ ಕಂಡಿದ್ದೇನೆ. ಬಿಸಿಲಿಗೆ ಆಗಿದ್ದು ಅನ್ನುತ್ತಿದ್ದರು, ನಾನೂ ಕೊಬ್ಬರಿ ಎಣ್ಣೆ ಹಚ್ಚಿ ಸುಮ್ಮನಾಗುತ್ತಿದ್ದೆ. ಒಂದು ತಟ್ಟೆ ಸೊಪ್ಪಿಗೆ ನಾವೆಲ್ಲ ಕಾರು ಹತ್ತಿ ಓಡಿ ಬಂದಿದ್ದೆವು. ಈ ಮನುಷ್ಯ ಆ ಪಂಪನ್ನು ಬೆನ್ನಿಗೆ ಕಟ್ಟಿಕೊಂಡು ನಮ್ಮ ಕಣ್ಣೆದುರೇ ಓಡಾಡಿಕೊಂಡಿದ್ದರು.

"ನಂಗೇನಾಗಿದೆ? ಕಲ್ಲುಗುಂಡಿನ ಹಾಗಿದೀನಿ," ಎನ್ನುತ್ತಾ ಬಾಗಿಲ ಕಡೆ ಹೊರಟರು. "ನಾಳೆ ಮುಂದಿನ ದಾರಿಗೆ ಹೊಡೀಬೇಕು. ಬಿಟ್ರೆ ಕಳೆ ಮೊಣಕಾಲುದ್ದ ಬರುತ್ತೆ."

ನಾನು ಅವರ ಅಂಗಿ ಹಿಡಿದೆಳೆದೆ. ಸೆಕ್ರೆಟರಿ ಎದುರಿಗಿದ್ದಾರೆ ಎಂಬ ಎಗ್ಗೂ ನನಗಿರಲಿಲ್ಲ.

"ಬರ್ಲಿ ಬಿಡ್ರೀ. ತಲೆ ಮಟ್ಟ ಬರ್ಲಿ. ನಂಗೆ ನೀವು ಬೇಕು."

ಇವರು ಸೆಕ್ರೆಟರಿಯ ಮುಖ ನೋಡಿದರು. ಅವರು ತಮ್ಮ ಬರಿಗಾಲು ನೋಡುತ್ತಾ, "ಕೂತ್ಕೋ ಹಸಿರಣ್ಣ," ಅಂದರು. ಇವರು ಸ್ಟೂಲಿನ ಮೇಲೆ ಕೂತು, ಮುಖ ಆ ಕಡೆ ತಿರುಗಿಸಿ, ತೋಳು ಚಾಚಿದರು.